ಗೋಡೆ ಬೆವರುವ ತಿಂಗಳು

ಮತ್ತೊಂದು ಹನಿ ಇಳಿಯಿತು, ಕ್ಯಾಲೆಂಡರಿನ ಮೊಳೆಯ ಬುಡದಿಂದ ಹೊರಟು, ಹಸಿರು ಸುಣ್ಣದ ಮೇಲೆ ನಿಂತು ನಿಂತು, ಇನ್ನೊಂದು ಹನಿಯನ್ನು ಕೂಡಿಕೊಂಡು ಸರ್ರನೆ ನೆಲಕ್ಕೆ — ಗೋಡೆಗೂ ಬೆವರು, ನೆಲಕ್ಕೂ ಬೆವರು, ಥೋವಾ ಮೊಣಕಾಲೂರಿ ಹಳೆಯ ಪತ್ರಿಕೆ ಹಾಸುತ್ತಿದ್ದಾಳೆ, ಹಾಸಿದ ಕೂಡಲೇ ಅಕ್ಷರಗಳು ನೆನೆದು ಕಪ್ಪಾಗುತ್ತವೆ, ತಪ್ಪು ತನ್ನದೇ, ನಿನ್ನೆ ಕಿಟಕಿ ಮುಚ್ಚದೆ ಓಡಿದವಳು ತಾನೇ, ಈ ಹೈಫಾಂಗ್ ಬಂದರಿನಲ್ಲೇ ಹುಟ್ಟಿ ಮೂವತ್ತೊಂಬತ್ತು ವರ್ಷ ಬದುಕಿದ ಹೆಂಗಸು ಹೊಸ ವರ್ಷದ ಹಬ್ಬದ ಬೆನ್ನಿಗೇ ಬರುವ ಈ ತಿಂಗಳಲ್ಲಿ ಕಿಟಕಿ ತೆರೆದಿಟ್ಟು ಹೋಗುವುದೆಂದರೆ, ಪಕ್ಕದ ಮನೆಯ ತೀ ಅಜ್ಜಿ ನಿನ್ನೆಯಿಂದ ಅದನ್ನೇ ಆಡಿಕೊಳ್ಳುತ್ತಿದ್ದಾಳೆ, ಅಲ್ಲ ಕಣೇ, ಸಮುದ್ರದ ಗಾಳೀನ ಒಳಗೆ ಕರೆದು ಚಾಪೆ ಹಾಸಿ ಕೂರಿಸಿದ್ದೀಯಲ್ಲ, ಇನ್ನು ಹಜಾರದಲ್ಲೇ ಮೀನು ಸಾಕಬಹುದು ಬಿಡು. ಅವಳು ಓದಿದ ಸಂಜೆಶಾಲೆಯ ಮೇಷ್ಟ್ರೂ ಹೇಳಿಕೊಟ್ಟಿದ್ದರು, ಬೆಚ್ಚಗಿನ ತೇವದ ಗಾಳಿ ತಣ್ಣಗಿನ ನೆಲವನ್ನು ಮುಟ್ಟಿದರೆ ನೀರಾಗುತ್ತದೆ, ಅವಳು ಅದನ್ನು ಎರಡು ಸಲ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದಳು, ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ, ಜೀವನದಲ್ಲಿ ಪ್ರತಿ ವರ್ಷ ಬರುತ್ತದೆ. ಹಬ್ಬ ಕಳೆದು ಇಪ್ಪತ್ತಾರು ದಿನ, ಬಿಸಿಲಿಲ್ಲ, ಮಳೆಯೆಂದೂ ಹೇಳುವ ಹಾಗಿಲ್ಲ, ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿಯುತ್ತಿರುವಂತೆ ಒಂದೇ ಸಮನೆ ಉದುರುತ್ತದೆ, ಕೂದಲ ಮೇಲೆ ಕೂರುತ್ತದೆ, ಕೊಡೆ ಹಿಡಿದರೆ ಕೊಡೆಯ ಒಳಗೂ ಬರುತ್ತದೆ, ಶಿಶುವಿಹಾರದ ಅಡುಗೆಮನೆಯಲ್ಲಿ ಅವಳು ಕುದಿಸಿ ಹಿಂಡಿದ ಮಕ್ಕಳ ಟವಲುಗಳು ಮೂರು ದಿನವಾದರೂ ಹಿಂಡಿದಂತೆಯೇ ಇವೆ, ಮನೆಯಲ್ಲಿ ಬಿದಿರಗಳುವಿನ ಮೇಲೆ ತನ್ನ ಕಂದು ಕೋಟು ಒಂಬತ್ತು ದಿನದಿಂದ ಹಸಿ, ಹಳಸಿದ ಅಕ್ಕಿ ತೊಳೆದ ನೀರಿನ ವಾಸನೆ, ಕಾಲುಚೀಲಗಳನ್ನು ಅನ್ನದ ಕುಕ್ಕರಿನ ಮುಚ್ಚಳದ ಮೇಲೆ ಒಣಗಿಸುತ್ತಾಳೆ, ಅನ್ನಕ್ಕೆ ವಾಸನೆ ಹತ್ತಿದೆಯೋ ಏನೋ ಎಂದು ಮೊದಲ ತುತ್ತು ತಾನೇ ತಿಂದು ನೋಡುತ್ತಾಳೆ.

ಇಡೀ ಊರು ಹಸಿ, ವಿನ್‌ನ ಅಂಗಿ ಮಾತ್ರ ಒಣಗಿತ್ತು. ಮೊದಲ ಸಲ ಕೈಗೆ ಸಿಕ್ಕಾಗ ಸಂತೋಷವೇ ಆಗಿತ್ತು, ಗಂಡನ ನೀಲಿ ಅಂಗಿ, ನದಿ ದಾಟಿಸುವ ದೋಣಿಯ ಮೆಕ್ಯಾನಿಕ್ಕಿನ ಅಂಗಿ, ಗರಿಗರಿ, ಬೆಚ್ಚಗೆ, ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಹಾಗೇ ನಿಂತಿದ್ದಳು, ಎರಡನೇ ಸಲವೂ ನಿಂತಳು, ಮೂರನೇ ಸಲ ಮೂಸಿದಳು, ಎಣ್ಣೆಯ ವಾಸನೆ, ಕಾದ ಕಬ್ಬಿಣದ ವಾಸನೆ, ಇಸ್ತ್ರಿಯದಿರಬಹುದು, ಹಾಗಾದರೆ ಯಾರ ಮನೆಯ ಇಸ್ತ್ರಿ, ಕೇಳಬಹುದಿತ್ತು, ಕೇಳಲಿಲ್ಲ, ಸಾರಿಗೆ ಉಪ್ಪು ಸರಿಯಿದೆಯೇ ಎಂದು ಮೂರು ಸಲ ಕೇಳುವವಳು ಇದೊಂದನ್ನು ಕೇಳಲಿಲ್ಲ. ನಿನ್ನೆ ಅವನು ಊಟದ ಡಬ್ಬಿ ಮರೆತು ಹೋದ, ಅವಳಿಗೆ ನೆಪ ಸಿಕ್ಕಿತು, ನೆಪ ಸಿಕ್ಕಿದ್ದಕ್ಕೆ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯಾಯಿತು, ಆ ನಾಚಿಕೆಯಲ್ಲೇ ಓಡಿದ್ದು, ಕಿಟಕಿ ಹಾಗೇ ಉಳಿಯಿತು. ದೋಣಿಕಟ್ಟೆಯ ಹತ್ತಿರ ಬೂರುಗದ ಮರ ಕೆಂಪಗೆ ಹೂ ಬಿಟ್ಟು ನಿಂತಿತ್ತು, ದೋಣಿ ಜನ ಹತ್ತಿಸಿಕೊಳ್ಳುತ್ತಿತ್ತು, ಹಗ್ಗ ಹಿಡಿದವನು ಹೇಳಿದ, ವಿನಣ್ಣ ಚಾ ಕುಡಿಯೋಕೆ ಹೋಗಿದಾನೆ ಅತ್ತಿಗೆ, ಕೆಳಗೆ ಇಟ್ಟು ಬನ್ನಿ, ಹಂಗೇ ನೀವೂ ಒಂಚೂರು ಒಣಗಿ ಬನ್ನಿ. ಕಬ್ಬಿಣದ ಏಣಿ ಇಳಿದಳು, ಎಂಜಿನ್ನಿನ ಸದ್ದು ಎದೆಯೊಳಗೆ, ಬಿಸಿ, ಒಂದು ತಿಂಗಳಿಂದ ಮರೆತುಹೋಗಿದ್ದ ಒಣ ಬಿಸಿ, ದಪ್ಪ ಕೊಳವೆಯ ಮೇಲೆ ಒಂದು ತಂತಿ, ತಂತಿಯ ಮೇಲೆ ಅವನ ಇನ್ನೊಂದು ನೀಲಿ ಅಂಗಿ, ಓ, ಇಷ್ಟೇನಾ ಎಂದುಕೊಂಡಳು, ಇಷ್ಟಕ್ಕೆ ತಾನು ಏನೇನೋ — ಆಮೇಲೆ ಅದರ ಪಕ್ಕದಲ್ಲಿ ಕಂಡಿತು, ತಿಳಿನೇರಳೆ ರವಿಕೆ, ಟಿಕೆಟ್ ಕೊಡುವ ಕ್ವೇಯದು, ಹಬ್ಬದ ದಿನ ಅದನ್ನೇ ಹಾಕಿಕೊಂಡು ಬಂದು ಕಿತ್ತಳೆ ಕೊಟ್ಟು ಹೋಗಿದ್ದಳು. ಅವನ ಅಂಗಿಯನ್ನು ಸುಮ್ಮನೆ ಎಸೆದ ಹಾಗೆ ಹಾಕಿತ್ತು, ಒಂದು ತೋಳು ಒಳಗೇ ಸಿಕ್ಕಿಕೊಂಡು. ರವಿಕೆ ನೆಟ್ಟಗೆ, ಹೆಗಲಿಗೆ ಹೆಗಲು ಸರಿಯಾಗಿ, ಜಾರದಿರಲೆಂದು ಕತ್ತಿನ ಗುಂಡಿ ಹಾಕಿತ್ತು. ಬಿಳಿ ಗುಂಡಿ, ಮೆಣಸಿನಕಾಳಿನಷ್ಟು. ಆ ಏಣಿಯಲ್ಲಿ ಟಿಕೆಟ್ಟಿನವರು ಇಳಿಯುವ ಹಾಗಿಲ್ಲ, ಬೋರ್ಡು ಬರೆದು ಹಾಕಿದೆ, ಥೋವಾ ಎರಡು ಸಲ ಓದಿದಳು, ಹಾಗಾದರೆ ರವಿಕೆ ಹಾಕಿದ್ದು ಕ್ವೇಯ ಕೈಯಲ್ಲ.

ಮೇಲೆ ಬಂದರೆ ಕ್ವೇ ಎದುರಿಗೇ, ಮಳೆಕೋಟಿನಲ್ಲಿ, ಹಲ್ಲು ಎಷ್ಟು ಸಾಲಾಗಿವೆ, ಅಕ್ಕಾ, ಊಟ ಇಲ್ಲಿವರೆಗೂ ತಂದ್ರಾ, ಅಣ್ಣ ಪುಣ್ಯ ಮಾಡಿದ್ರು. ಅಣ್ಣ — ಈ ಊರಿನಲ್ಲಿ ಇದೊಂದು, ಟಿಕೆಟ್ಟಿನವಳೂ ಅದೇ ಮಾತಿನಿಂದ ಕರೆಯುವುದು, ಹೆಂಡತಿಯೂ ಅದೇ ಮಾತಿನಿಂದ ಕರೆಯುವುದು, ಹೆಂಡತಿಗೆಂದು ಬೇರೆ ಮಾತೇ ಇಟ್ಟಿಲ್ಲ. ಕ್ವೇ ಗಂಡ ಸತ್ತವಳು, ಮಗು ಸಾಕುವವಳು, ಒಣಗಿದ ಬಟ್ಟೆ ಅವಳಿಗೂ ಬೇಕಲ್ಲವೇ, ಥೋವಾ ತಾನೇ ಕೇಳಿಕೊಳ್ಳುತ್ತಾಳೆ, ಬೇಕು, ತಾನೇ ಉತ್ತರ ಕೊಡುತ್ತಾಳೆ, ನ್ಯಾಯವಾಗಿ ಯೋಚಿಸಲು ನೋಡುತ್ತಾಳೆ, ಪ್ರತಿ ಸಲ ಗುಂಡಿಯ ತನಕ ಬಂದು ನ್ಯಾಯ ಮುಗಿದುಹೋಗುತ್ತದೆ.

ಬಾಗಿಲ ಸದ್ದು, ಅವನೇ, ಏನೇ ಇದು, ನೆಲಾನಾ ಕೆರೇನಾ, ಚಪ್ಪಲಿ ಬಿಡ್ಲಾ ಈಜ್ಕೊಂಡು ಬರ್ಲಾ. ಅವಳು ನಗುವುದಿಲ್ಲ, ಕೇಳಿಬಿಡುತ್ತಾಳೆ, ಪತ್ರಿಕೆಯ ಅಂಚು ಸರಿಮಾಡುತ್ತ, ಅಂಗಿ ಒಣಗ್ತಾ. ಹೂಂ. ಕ್ವೇದೂ ಒಣಗ್ತಾ. ಅವನ ಮುಖ ಕೆಂಪಾಗಲಿ ಎಂದು ಕಾಯುತ್ತಾಳೆ, ಆಗುವುದಿಲ್ಲ, ಆಗಿದ್ದರೆ ಎಷ್ಟೋ ಸುಲಭವಿತ್ತು, ಅದೂ ಒಣಗ್ತು ಎನ್ನುತ್ತಾನೆ, ಕೇಳಿದ್ಲು, ತಂತಿ ಮೇಲೆ ಜಾಗ ಇತ್ತು. ಎಷ್ಟು ದಿನದಿಂದ. ಹಬ್ಬ ಆದಾಗಿಂದ. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ. ನೀನು ಕೇಳ್ಲಿಲ್ವಲ್ಲ ಥೋವಾ, ಎಲ್ಲಾ ನೀನೇ ಮಾಡ್ಕೊಂಡ್ರೆ ನಿನಗೆ ಸಮಾಧಾನ ಅಂದ್ಕೊಂಡಿದ್ದೆ. ಇದು ನಿಜ, ಇದೇ ಕೆಟ್ಟದ್ದು, ಇಪ್ಪತ್ತಾರು ದಿನ ಕುಕ್ಕರಿನ ಮುಚ್ಚಳದ ಮೇಲೆ ಕಾಲುಚೀಲ ಮಗುಚಿ ಹಾಕುತ್ತ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ, ಕೇಳಿದವಳಿಗೆ ಸಿಕ್ಕಿತು. ಅವನು ಗಳುವಿನ ಕಡೆ ಕೈ ಚಾಚುತ್ತಾನೆ, ಕೊಡು, ಆ ಕೋಟು ಕೊಡು, ನಾಳೆ ಸಾಯಂಕಾಲಕ್ಕೆ ಗರಿಗರಿ ಮಾಡಿ ತರ್ತೀನಿ, ಒಂದು ತೋಳು ಅವನ ಕೈಯಲ್ಲಿ, ಇನ್ನೊಂದು ತೋಳನ್ನು ಅವಳು ಯಾವಾಗ ಹಿಡಿದಳೋ, ಬಿಡು ಮಾರಾಯ್ತಿ ಎನ್ನುತ್ತಾನೆ, ನಗುತ್ತಾನೆ, ಅವನ ಬೆರಳುಗಳನ್ನು ನೋಡುತ್ತಾಳೆ, ಉಗುರಿನ ಸುತ್ತ ಎಣ್ಣೆ, ಎಷ್ಟು ತೊಳೆದರೂ ಹೋಗದ್ದು, ಮದುವೆಯ ದಿನ ತನ್ನ ಕೊರಳಿನ ಸರದ ಕೊಂಡಿ ಹಾಕಲಾಗದೆ, ದಪ್ಪ ಬೆರಳು ನನ್ನವು, ಇಂಥಾ ಸಣ್ಣ ಕೆಲಸ ನನ್ನಿಂದಾಗಲ್ಲ ಎಂದು ಅಮ್ಮನನ್ನು ಕರೆದಿದ್ದ ಬೆರಳುಗಳು, ಕೋಟನ್ನು ಅವನು ಎಲ್ಲಿ ಹಾಕುತ್ತಾನೆ, ಅಂಗಿಯ ಆಚೆಗೋ, ರವಿಕೆಯ ಆಚೆಗೋ, ಎಸೆದ ಹಾಗೆ ಹಾಕುತ್ತಾನೋ ಹೆಗಲು ಸರಿಮಾಡಿ ಹಾಕುತ್ತಾನೋ, ಕೇಳಬೇಕಾದದ್ದು ಒಂದೇ ಉಳಿದಿದೆ, ಕೋಟಿನಿಂದ ನೀರು ಮೊಣಕೈವರೆಗೆ ಇಳಿಯುತ್ತದೆ, ಬಿಡು ಎನ್ನುತ್ತಾನೆ ಮತ್ತೆ, ಅವಳು ಬಿಡುವುದಿಲ್ಲ, ಗುಂಡಿ, ಬಿಳಿಯದು, ಮೆಣಸಿನಕಾಳಿನಷ್ಟು, ಕತ್ತಿನದು, ಹಾಕಿತ್ತು.