ಮುನ್ನೂರು ಗ್ರಾಂ

ಮೂವತ್ತನಾಲ್ಕು ವರ್ಷ ನಾನು ರೈಲ್ವೆಯ ಸರಕು ಉಗ್ರಾಣದಲ್ಲಿ ತೂಕದ ಗುಮಾಸ್ತನಾಗಿದ್ದೆ. ಬರುವ ಮೂಟೆ, ಹೋಗುವ ಮೂಟೆ, ಎಲ್ಲವೂ ನನ್ನ ಕಣ್ಣೆದುರಿನ ಮುಳ್ಳನ್ನು ಅಲುಗಿಸಿಯೇ ಮುಂದೆ ಸಾಗಬೇಕಾಗಿತ್ತು. ನಿವೃತ್ತನಾದ ದಿನ ಜೊತೆಯವರು ಅಂಗೈಯುದ್ದದ ಒಂದು ಕೊಕ್ಕೆ ತಕ್ಕಡಿಯನ್ನು ಉಡುಗೊರೆಯಾಗಿ ಕೊಟ್ಟರು. ಅವರು ತಮಾಷೆಗೆ ಕೊಟ್ಟದ್ದು. ನಾನು ಅದನ್ನು ನಿಜವಾಗಿಯೇ ಬಳಸತೊಡಗಿದೆ. ತರಕಾರಿಯ ಚೀಲ, ಮೊಮ್ಮಗಳ ಶಾಲೆಯ ಬ್ಯಾಗು, ಅಗಸನಿಗೆ ಹಾಕುವ ಬಟ್ಟೆಯ ಗಂಟು, ಯಾವುದನ್ನೂ ಬಿಡುತ್ತಿರಲಿಲ್ಲ. "ಮದುವೆಗೆ ಮುಂಚೆ ನನ್ನನ್ನ ತೂಗಿ ನೋಡದೆ ಹೇಗೆ ಒಪ್ಕೊಂಡ್ರೋ ಮಹಾರಾಯರು" ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಅವಳು ತೀರಿಕೊಂಡು ವರ್ಷವಾಗುತ್ತ ಬಂತು.

ಹೋದ ವರ್ಷ ರಜೆಯಲ್ಲಿ ನಾವು ಐದು ಜನ ಮಗಳ ಊರಿಗೆ ಹೊರಟಿದ್ದೆವು. ನಾನು, ನನ್ನ ಹೆಂಡತಿ, ಮಗ, ಸೊಸೆ, ಮೊಮ್ಮಗಳು ಗುಬ್ಬಿ. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾನೆ. ಅವನ ಕೈಗೆಟುಕುವ ದರವಿದ್ದದ್ದು ಒಂದೇ ವಿಮಾನ ಕಂಪನಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಹಾರಬೇಕಾದ ವಿಮಾನ ಹತ್ತಕ್ಕೆ ಎಂದರು, ಆಮೇಲೆ ಒಂದಕ್ಕೆ ಎಂದರು, ಐದು ಗಂಟೆಗೆ ಇಲ್ಲವೇ ಇಲ್ಲ ಎಂದರು. ಒಳಗೆ ಹೋದ ಪೆಟ್ಟಿಗೆಗಳು ವಾಪಸ್ಸು ಬರುವಾಗ ಕತ್ತಲಾಗಿತ್ತು. ನನ್ನ ಹೆಂಡತಿಯ ಹೃದಯದ ಮಾತ್ರೆಗಳಿದ್ದ ಪುಟ್ಟ ಚೀಲ ಆ ಪೆಟ್ಟಿಗೆಯೊಳಗೇ ಉಳಿದಿತ್ತು. ಅಲ್ಲಿದ್ದ ಒಂದೇ ಔಷಧಿ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ಪೆಟ್ಟಿಗೆ ಬಂದ ಮೇಲೆ ಮಾತ್ರೆ ನುಂಗಿದರೂ, ಮನೆಗೆ ಬರುವಾಗ ದಾರಿಯಲ್ಲೇ ಅವಳಿಗೆ ಉಸಿರು ಹಿಡಿಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಹೃದಯ ಮೊದಲೇ ಸೋತಿತ್ತು, ಮಾತ್ರೆ ತಪ್ಪಿದ್ದರಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದರು ವೈದ್ಯರು. ಹೇಳಲು ಬರುವುದಿಲ್ಲ ಎಂದರೆ, ಅಲ್ಲವೆಂದೂ ಹೇಳಲು ಬರುವುದಿಲ್ಲ.

ಆ ಚೀಲವನ್ನು ಪೆಟ್ಟಿಗೆಗೆ ಹಾಕಿದವನು ನಾನು.

ಕೈಯಲ್ಲಿ ಒಯ್ಯುವ ಚೀಲ ಏಳು ಕಿಲೋ ದಾಟಬಾರದು, ದಾಟಿದರೆ ದಂಡ ಎಂದು ಆ ಕಂಪನಿಯ ನಿಯಮ. ಹಿಂದಿನ ದಿನ ನಾನು ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದಾಗ ಅವಳ ಕೈಚೀಲ ಏಳು ಕಿಲೋ ಇನ್ನೂರೈವತ್ತು ಗ್ರಾಂ ಇತ್ತು. ಏನು ತೆಗೆಯಲಿ ಎಂದು ತಡಕಾಡಿದೆ. ಮಾತ್ರೆಯ ಚೀಲ ಮುನ್ನೂರು ಗ್ರಾಂ ತೂಗಿತು. ಅದನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟೆ. ಮುಳ್ಳು ಆರು ಕಿಲೋ ಒಂಬೈನೂರೈವತ್ತಕ್ಕೆ ನಿಂತಾಗ ನನಗಾದ ತೃಪ್ತಿ ಈಗಲೂ ನೆನಪಿದೆ.

ಮಧ್ಯಾಹ್ನ ಕಾಯುತ್ತ ಕುಳಿತಿದ್ದಾಗ ಮಗ ಕೇಳಿದ. "ಅಮ್ಮಾ, ಮಾತ್ರೆ ತಗೊಂಡ್ಯಾ?" ಅವಳು ಕೈಚೀಲವನ್ನು ಹುಡುಕಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ನಲವತ್ತೊಂದು ವರ್ಷ ಜೊತೆಗೆ ಬಾಳಿದವಳು, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿದುಹೋಯಿತು. "ಅಯ್ಯೋ, ನಾನೇ ಮರೆತು ಪೆಟ್ಟಿಗೇಲಿ ಹಾಕ್ಬಿಟ್ಟೆ ಕಣೋ. ವಯಸ್ಸಾಯ್ತು ನೋಡು" ಎಂದಳು. ಮಗನ ಕೈಯಲ್ಲಿ ನಾನು ಬೈಸಿಕೊಳ್ಳಬಾರದೆಂದು ಹಾಗೆ ಹೇಳಿದಳು. ನಾನು ಸುಮ್ಮನಿದ್ದೆ. ಮನೆಗೆ ಹೋಗೋಣ ಎಂದು ಮಗ ಎರಡು ಸಲ ಎದ್ದಾಗಲೂ ಪೆಟ್ಟಿಗೆ ಬಂದುಬಿಡಲಿ ಎಂದು ಅವನನ್ನು ಕೂರಿಸಿದೆ.

ಆಮೇಲೆ ಮನೆಯಲ್ಲಿ ಎರಡು ಮಾತು ನೆಲೆಯಾಗಿ ನಿಂತವು. ಒಂದು, ಅಮ್ಮ ಮರೆತಳು. ಇನ್ನೊಂದು, ಮಗ ಅಗ್ಗಕ್ಕೆ ಆಸೆಪಟ್ಟು ಆ ವಿಮಾನ ಹತ್ತಿಸಿದ. ಎರಡನೆಯದನ್ನು ಹೇಳಿದವಳು ಮಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅವಳು ತಮ್ಮನ ಮೇಲೆ ಮಾತಿನ ಬರೆ ಎಳೆದಳು. ಅಂದಿನಿಂದ ಅವನೊಡನೆ ಮಾತು ಬಿಟ್ಟಳು.

ನಾನು ದಿನವೂ ಬೆಳಿಗ್ಗೆ ದೇವರ ಮುಂದೆ ಕೂರುವವನು. ತಿಳಿದೂ ತಿಳಿಯದೆಯೂ ಮಾಡಿದ ತಪ್ಪನ್ನು ಮನ್ನಿಸು ಎಂದು ನನ್ನ ಪ್ರಾರ್ಥನೆ ಮುಗಿಯುತ್ತಿತ್ತು. ಈ ಒಂದು ವರ್ಷ 'ತಿಳಿದೂ' ಎಂಬಲ್ಲಿ ನನ್ನ ನಾಲಿಗೆ ಏಳಲಿಲ್ಲ. ತಿಳಿಯದೆ ಮಾಡಿದ್ದಕ್ಕೆ ಮಾತ್ರ ಕ್ಷಮೆ ಕೇಳಿ ಏಳುತ್ತಿದ್ದೆ.

ಈ ವರ್ಷ ರಜೆ ಹತ್ತಿರ ಬಂದಾಗ ಮಗಳು ಫೋನು ಮಾಡಿದಳು. ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಎಲ್ಲರೂ ಸುತ್ತ ಕುಳಿತಿದ್ದೆವು.

"ಅಪ್ಪಾ, ಈ ಸಲ ಬರ್ಲೇಬೇಕು ನೀವು. ಗುಬ್ಬೀನ ನೋಡಿ ಒಂದು ವರ್ಷ ಆಯ್ತು. ಆದ್ರೆ ಮತ್ತೆ ಆ ದರಿದ್ರ ವಿಮಾನ ಹತ್ತಿಸಿದ್ರೆ ನಾನು ಬಾಗಿಲೇ ತೆಗೆಯಲ್ಲ ಅಂತ ನಿಮ್ಮ ಮಗನಿಗೆ ಹೇಳಿ."

"ಅಕ್ಕಾ, ನಾನು ಇಲ್ಲೇ ಕೂತಿದೀನಿ" ಎಂದ ಮಗ.

"ಅಪ್ಪಾ, ಲೈನ್ ಸರಿ ಇಲ್ಲ ಅನ್ಸುತ್ತೆ. ಮಧ್ಯೆ ಯಾರೋ ಮಾತಾಡ್ತಿದಾರೆ."

ಮಗ ಎದ್ದು ಹೋಗಿ ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದ.

ಆ ವಾರವೇ ವಿಮಾನ ಕಂಪನಿಯಿಂದ ಅವನ ಫೋನಿಗೆ ಸಂದೇಶ ಬಂತು. ಹೋದ ವರ್ಷ ರದ್ದಾದ ಟಿಕೆಟ್ಟಿನ ಬದಲಿಗೆ ಈ ರಜೆಯಲ್ಲಿ ಐದು ಸೀಟು ಉಚಿತ, ತಿಂಗಳೊಳಗೆ ಬಳಸದಿದ್ದರೆ ರದ್ದು. ಗುಬ್ಬಿ ಗಟ್ಟಿಯಾಗಿ ಓದಿ, "ಐದು ಯಾಕೆ? ನಾವು ನಾಲ್ಕೇ ಜನ ತಾನೆ?" ಎಂದಳು. ಸೊಸೆ ಅವಳ ಕೈಯಿಂದ ಫೋನು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು.

ನಾನೂ ಮಗನೂ ಬೀದಿಯ ತುದಿಯಲ್ಲಿದ್ದ ಟಿಕೆಟ್ ಏಜೆಂಟನ ಅಂಗಡಿಗೆ ಹೋದೆವು. ಜೆರಾಕ್ಸ್ ಯಂತ್ರದ ಹಿಂದೆ ಕೂರುವ ದಪ್ಪ ಮನುಷ್ಯ. ಬಾಯಿ ತೆರೆದರೆ ನಗೆಚಾಟಿಕೆ.

"ಆ ಕಂಪನಿ ಬಿಟ್ಟು ಬೇರೇದು ಬೇಕಾ? ಒಳ್ಳೇದೇ ಆಯ್ತು ಬಿಡಿ. ಅವರ ವಿಮಾನ ಹಾರೋದು ಜಾಹೀರಾತಲ್ಲಿ ಮಾತ್ರ." ಪರದೆಯನ್ನು ನೋಡಿ ತುಟಿ ಚಪ್ಪರಿಸಿದ. "ಬೇರೆ ಕಂಪನಿದು ಇದೆ ಸಾರ್. ಮನೆ ಮಾರೋ ಯೋಚನೆ ಇದ್ಯಾ?"

"ಬಸ್ಸು?" ಎಂದ ಮಗ.

"ಹದಿನೆಂಟು ಗಂಟೆ. ನಿಮಗೆ ಪರವಾಗಿಲ್ಲ. ಯಜಮಾನರು ಇಳಿದ ಮೇಲೆ ಸೊಂಟ ಕಳೆದುಹೋಗಿದೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾಗುತ್ತೆ."

"ರೈಲು?"

"ರಜೆ ಅಲ್ವಾ! ಸೂಜಿ ಊರೋಕೂ ಜಾಗ ಇಲ್ಲ."

ಮಗ ಹಣೆ ಉಜ್ಜಿಕೊಂಡ. ನನಗೆ ಉಗ್ರಾಣದ ದಿನಗಳು ನೆನಪಾದವು. ಮಗಳ ಊರಿಗೆ ಹೋಗುವ ಹಗಲು ರೈಲು ಹೊರಡುವುದು ನಮ್ಮ ಊರಿನಿಂದಲ್ಲ. ಮೂರು ನಿಲ್ದಾಣ ಹಿಂದೆ, ಸಿಮೆಂಟು ಮೂಟೆ ಇಳಿಸುವ ಸಣ್ಣ ನಿಲ್ದಾಣದಿಂದ. ಅಲ್ಲಿ ಹತ್ತುವವರಿಗೆಂದು ಒಂದಷ್ಟು ಸೀಟು ಬೇರೆ ಇಟ್ಟಿರುತ್ತಾರೆ, ಆ ನಿಲ್ದಾಣದ ಹೆಸರು ಹಾಕಿ ಕೇಳುವವರು ಕಡಿಮೆ. "ಅಲ್ಲಿಂದ ಹುಡುಕಪ್ಪ" ಎಂದೆ.

ಏಜೆಂಟ್ ಹುಡುಕಿದ. "ಅರೆರೆ! ನಾಲ್ಕೂ ಇದೆ! ವಿಮಾನದ ಕಾಲು ಭಾಗ ದರ! ಯಜಮಾನ್ರೇ, ನಾಳೆಯಿಂದ ಈ ಕುರ್ಚೀಲಿ ನೀವು ಕೂತ್ಕೊಳಿ, ನಾನು ಜೆರಾಕ್ಸ್ ಮಾಡ್ತೀನಿ."

ಮಗ ವರ್ಷದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ ನಕ್ಕ. "ನೀವಿಲ್ದಿದ್ರೆ ನಾವು ಈ ಸಲವೂ ಹೋಗ್ತಿರ್ಲಿಲ್ಲ ಅಪ್ಪ" ಎಂದ. ಅವನು ಮತ್ತೆ ಏಜೆಂಟನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಮಾರನೇ ದಿನ ಬೆಳಿಗ್ಗೆ ವಾಪಸ್ ಬರೋಕೆ ಒಂದು ಟಿಕೆಟ್ ಹಾಕಿ. ಒಬ್ಬನಿಗೆ" ಎಂದ.

"ಯಾರಿಗೆ?" ಎಂದೆ.

"ನನಗೆ. ನಿಮ್ಮನ್ನೆಲ್ಲ ಅಕ್ಕನ ಮನೆ ಬಾಗಿಲಿಗೆ ಬಿಟ್ಟು, ರಾತ್ರಿ ಎಲ್ಲಾದ್ರೂ ಲಾಡ್ಜಲ್ಲಿದ್ದು ಬಂದ್ಬಿಡ್ತೀನಿ. ಗೋಡೆ ಥರ ಕೂತ್ಕೊಂಡು ಹತ್ತು ದಿನ ಕಳೆಯೋಕೆ ನನ್ನಿಂದ ಆಗಲ್ಲ ಅಪ್ಪ. ಇನ್ನು ಮುಂದೆ ರಜೆಗೆ ನೀವು ಮೂರೇ ಜನ ಹೋಗಿ ಬನ್ನಿ."

ಒಬ್ಬ ಮಗ, ಒಬ್ಬಳು ಮಗಳು. ಅವರಿಬ್ಬರ ನಡುವಿನ ಬಾಗಿಲು ನನ್ನ ಕಣ್ಣೆದುರಿಗೇ ಮುಚ್ಚುತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆದರೂ ನಾನು ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ದಾರಿಯಲ್ಲಿ ಬಿಡಲಿಲ್ಲ. ಮನೆಗೆ ಬಂದ ಮೇಲೂ ಬಿಡಲಿಲ್ಲ.

ಹೊರಡುವ ಹಿಂದಿನ ದಿನ ಗುಬ್ಬಿ ಕಪಾಟಿನ ಮೇಲಿನಿಂದ ತಕ್ಕಡಿಯನ್ನು ಇಳಿಸಿ ತಂದಳು. "ತಾತಾ, ತೂಕ ಮಾಡಿ! ಮೊದಲು ನನ್ನ ಬ್ಯಾಗು!"

"ರೈಲಲ್ಲಿ ಯಾರೂ ತೂಗಲ್ಲ ಮಗಳೇ. ಒಳಗಿಡು."

"ಸುಮ್ನೆ, ಆಟಕ್ಕೆ."

"ಒಳಗಿಡು ಅಂದ್ನಲ್ಲ!" ನಾನು ಗದರಿದ್ದಕ್ಕೆ ಅವಳು ಬೆಚ್ಚಿ ತಾಯಿಯ ಹಿಂದೆ ಸರಿದಳು. ಸೊಸೆ ಶಾಲೆಯ ಉಪಾಧ್ಯಾಯಿನಿ, ಎಲ್ಲವನ್ನೂ ನಿಧಾನವಾಗಿ ಹೇಳುವವಳು. ನನ್ನ ರಕ್ತದೊತ್ತಡದ ಮಾತ್ರೆಯ ಪೊಟ್ಟಣವನ್ನು ಕೈಗೆ ಕೊಡುತ್ತ, "ಮಾವ, ಇದು ನಿಮ್ಮ ಕೈಚೀಲದಲ್ಲೇ ಇರ್ಲಿ. ಅತ್ತೆ ಥರ ಮರೆತು ಪೆಟ್ಟಿಗೆಗೆ ಹಾಕ್ಬಿಡ್ಬೇಡಿ" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಮುಖ ತಿರುಗಿಸಿದೆ.

ಮಾರನೆಯ ದಿನ ಬೆಳಿಗ್ಗೆ ಸಣ್ಣ ನಿಲ್ದಾಣದಲ್ಲಿ ರೈಲು ಹತ್ತಿದೆವು. ಹೇಳಿದ ಹೊತ್ತಿಗಿಂತ ನಾಲ್ಕೇ ನಿಮಿಷ ತಡವಾಗಿ ಅದು ಹೊರಟಿತು. ಎದುರುಬದುರು ಸೀಟು. ಕಿಟಕಿಯ ಪಕ್ಕ ಗುಬ್ಬಿ, ಅವಳ ಎದುರಿಗೆ ನಾನು. ಊಟದ ಬುತ್ತಿ ಬಿಚ್ಚಿದ್ದಾಯಿತು, ಕಟ್ಟಿದ್ದಾಯಿತು. ಸೊಸೆ ಸೀಟಿನ ಬೆನ್ನಿಗೆ ತಲೆಯಾನಿಸಿ ನಿದ್ದೆ ಹೋದಳು. ಮಗ ತನ್ನ ಒಂಟಿ ಟಿಕೆಟ್ಟನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡ.

ನಾನು ಮಧ್ಯಾಹ್ನದ ಮಾತ್ರೆ ನುಂಗಿದೆ. ಗುಬ್ಬಿ ಅದನ್ನೇ ನೋಡುತ್ತಿದ್ದವಳು ಕೇಳಿದಳು. "ತಾತಾ, ಅಜ್ಜಿಗೆ ತುಂಬಾ ಮರೆವಿತ್ತಾ?"

"ಯಾಕಮ್ಮ?"

"ಎಲ್ರೂ ಹೇಳ್ತಾರಲ್ಲ, ಅಜ್ಜಿ ಮರೆತಳು ಅಂತ. ಆದ್ರೆ ನನ್ನ ಹಲ್ಲು ಯಾವ್ಯಾವ ದಿನ ಬಿತ್ತು ಅಂತಾನೂ ಅಜ್ಜಿಗೆ ನೆನಪಿತ್ತು."

ಭಗವಂತ ಕೇಳಬೇಕಾದದ್ದನ್ನು ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಕೇಳಿಸಿದ ಎಂದೇ ನಾನು ನಂಬುತ್ತೇನೆ. ಇನ್ನೊಂದು ಸಲ ಸುಮ್ಮನಿದ್ದರೆ, ಈ ಮಗು ದೊಡ್ಡವಳಾದ ಮೇಲೂ ತನ್ನ ಅಜ್ಜಿಯನ್ನು ಮರೆಗುಳಿಯೆಂದೇ ನೆನೆಯುತ್ತಾಳೆ.

"ನಿನ್ನ ಅಜ್ಜಿ ಏನನ್ನೂ ಮರೀಲಿಲ್ಲ" ಎಂದೆ. "ಮಾತ್ರೆ ಚೀಲ ಪೆಟ್ಟಿಗೆಗೆ ಹಾಕಿದ್ದು ನಾನು. ತೂಕ ಕಮ್ಮಿ ಮಾಡೋಕೆ. ಅಜ್ಜಿಗೆ ಹೇಳೂ ಇರ್ಲಿಲ್ಲ. ಅವಳು ಸುಳ್ಳು ಹೇಳಿದ್ದು ನನಗೋಸ್ಕರ."

ಮಗ ನನ್ನನ್ನೇ ನೋಡುತ್ತಿದ್ದ. ಸೊಸೆಗೂ ಎಚ್ಚರವಾಗಿತ್ತು.

"ಒಂದು ವರ್ಷ ಅಪ್ಪ" ಎಂದ ಮಗ ಕೊನೆಗೆ. "ಅಕ್ಕ ನನ್ನನ್ನ ಕೊಲೆಗಾರ ಅಂದಾಗ ನೀವು ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಪ್ರತಿದಿನ ನಾನು ಲೆನ್ಸ್ ಉಜ್ಜುವಾಗ ಅದನ್ನೇ ಯೋಚಿಸ್ತಿದ್ದೆ. ಬೇರೆ ವಿಮಾನ ಮಾಡಿದ್ರೆ ಅಮ್ಮ ಬದುಕ್ತಿದ್ಲು ಅಂತ."

ಅವನು ಎದ್ದು ಬೋಗಿಯ ಬಾಗಿಲ ಬಳಿ ಹೋಗಿ ನಿಂತ. ಒಂದು ನಿಲ್ದಾಣ ಕಳೆಯಿತು, ಇನ್ನೊಂದು ಕಳೆಯಿತು. ನಾನು ಕಣ್ಣು ಮುಚ್ಚಿ ದೇವರ ನಾಮ ಹೇಳಿಕೊಳ್ಳಲು ನೋಡಿದೆ. ಚಕ್ರದ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಮೂರನೆಯ ನಿಲ್ದಾಣದಲ್ಲಿ ಅವನು ಎರಡು ಲೋಟ ಚಹಾ ಹಿಡಿದು ಬಂದ. ಒಂದನ್ನು ಮುಖ ನೋಡದೆ ನನ್ನ ಕೈಗಿತ್ತ.

"ಅಕ್ಕನಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

"ಹೇಳ್ತೀನಿ."

"ನನಗೋಸ್ಕರ ಬೇಡ. ನನಗೆ ಅಭ್ಯಾಸ ಆಗಿದೆ. ಅಮ್ಮನ ಹೆಸರಿಗೆ ಮರೆವು ಅಂತ ಅಂಟಿಸಿದೀವಲ್ಲ, ಅದನ್ನ ತೆಗೀರಿ."

ಸಂಜೆ ಐದೂವರೆಗೆ ಇಳಿದೆವು. ಮಗಳು ಪ್ಲಾಟ್‌ಫಾರಂ ಮೇಲೆ ನಿಂತಿದ್ದಳು. ದಂತವೈದ್ಯರ ಬಳಿ ಸಹಾಯಕಿಯಾಗಿರುವ ಅವಳು ಕೆಲಸದ ಬಿಳಿ ಅಂಗಿಯಲ್ಲೇ ಬಂದಿದ್ದಳು. ಗುಬ್ಬಿಯನ್ನು ಎತ್ತಿಕೊಂಡಳು, ಸೊಸೆಯ ಕೈ ಹಿಡಿದಳು, ನನ್ನ ತೋಳಿಗೆ ಹಣೆ ತಾಗಿಸಿ ಅತ್ತಳು. ತಮ್ಮನ ಕಡೆ ತಿರುಗಲಿಲ್ಲ. ಅವನು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ನಾಲ್ಕು ಹೆಜ್ಜೆ ದೂರ ನಿಂತಿದ್ದ.

"ನಡೀರಿ ಅಪ್ಪ, ಮನೇಲಿ ಬಿಸಿನೀರು ಕಾಯಿಸಿಟ್ಟಿದೀನಿ."

"ನೀರು ಇರ್ಲಿ. ಮೊದಲು ನಿನಗೆ ಒಂದು ಮಾತು ಹೇಳ್ಬೇಕು. ಇಲ್ಲೇ."

"ಇಲ್ಲೇನಾ? ಜನ ನೋಡ್ತಾರೆ ಅಪ್ಪ."

"ನೋಡ್ಲಿ."

ಹೇಳಿದೆ. ಏಳು ಕಿಲೋ, ಮುನ್ನೂರು ಗ್ರಾಂ, ಅವಳ ಅಮ್ಮ ನನ್ನ ಮುಖ ನೋಡಿದ್ದು, ಪೆಟ್ಟಿಗೆ ಬರಲಿ ಎಂದು ನಾನು ಹಟ ಹಿಡಿದದ್ದು, ಯಾವುದನ್ನೂ ಬಿಡದೆ ಹೇಳಿದೆ. ವೈದ್ಯರ ಮಾತನ್ನು ನನ್ನ ಪರವಾಗಿ ಹೇಳಿಕೊಳ್ಳಲಿಲ್ಲ. ಹೇಳುತ್ತ ಹೋದಂತೆ ನನ್ನ ತೋಳು ಹಿಡಿದಿದ್ದ ಅವಳ ಕೈ ಸಡಿಲವಾಯಿತು, ಆಮೇಲೆ ಬಿಟ್ಟೇಹೋಯಿತು.

ನಾವು ಇಳಿದ ರೈಲು ಹೊರಟು ಪೂರ್ತಿ ದಾಟುವವರೆಗೂ ಅವಳು ನಿಂತಿದ್ದಳು. ನನಗೆ ಏನೂ ಹೇಳಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ನನ್ನನ್ನು ದಾಟಿ ತಮ್ಮನ ಮುಂದೆ ಹೋಗಿ ನಿಂತಳು. ಅವನ ಜೇಬಿನಿಂದ ಒಂಟಿ ಟಿಕೆಟ್ಟಿನ ತುದಿ ಹೊರಗೆ ಇಣುಕುತ್ತಿತ್ತು.

"ಏನದು?"

"ನಾಳೆ ಬೆಳಿಗ್ಗೆ ವಾಪಸ್ ಹೋಗೋದು."

"ಕೊಡೋ ಇಲ್ಲಿ."

ಅವನ ಎರಡು ಕೈಯಲ್ಲೂ ಪೆಟ್ಟಿಗೆಯಿತ್ತು. ಅವಳೇ ಜೇಬಿಗೆ ಕೈಹಾಕಿ ಟಿಕೆಟ್ಟನ್ನು ತೆಗೆದು, ಮಡಿಸಿ, ತನ್ನ ಬಿಳಿ ಅಂಗಿಯ ಕಿಸೆಗೆ ಹಾಕಿಕೊಂಡಳು. ಒಂದು ಪೆಟ್ಟಿಗೆಯ ಹಿಡಿಗೆ ಕೈಯಿಟ್ಟು ಎಳೆದಳು. ಅವನು ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಅದನ್ನು ಹಿಡಿದು ನಿಂತಿದ್ದರು, ಚಿಕ್ಕವರಿದ್ದಾಗ ಆಟದ ಸಾಮಾನಿಗೆ ನಿಲ್ಲುತ್ತಿದ್ದ ಹಾಗೆ. ಆಮೇಲೆ ಅವನ ಭುಜ ಅಲುಗತೊಡಗಿತು. ಪೆಟ್ಟಿಗೆಯನ್ನು ಇಬ್ಬರೂ ಸೇರಿಯೇ ಎತ್ತಿಕೊಂಡು ಹೋದರು.

ನಾನು ನನ್ನ ಚೀಲವನ್ನು ಹೊತ್ತು ಹಿಂದೆ ನಡೆದೆ. ಮಗಳು ನನ್ನನ್ನು ಯಾವಾಗ ತಿರುಗಿ ನೋಡುತ್ತಾಳೋ ತಿಳಿಯದು. ಅವಳ ಮನೆಯಲ್ಲಿ ಹತ್ತು ದಿನ ಗೋಡೆಯಂತೆ ಕೂರುವ ಸರದಿ ಈಗ ನನ್ನದು. ಮೆಟ್ಟಿಲು ಇಳಿಯುವಾಗ ಪ್ರಾರ್ಥನೆಯ ಆ ಸಾಲನ್ನು ಹೇಳಿನೋಡಿದೆ. 'ತಿಳಿದೂ' ಎಂಬ ಮೊದಲ ಮಾತನ್ನು ಬಿಡಲಿಲ್ಲ. ಅದು ದೇವರಿಗೆ ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ.