ಬಲಗಡೆಯ ಬುಟ್ಟಿ

ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಒತಿಲಿಯಾ ಬನಾಖ್ ಅವರು ಊರಿನ ಚೌಕದ ಬೇಕರಿಗೆ ಬರುತ್ತಾರೆ. ಒಂದು ಬನ್ ತೆಗೆದುಕೊಂಡು, ಎಡ ಅಂಗೈಯಲ್ಲಿ ಬೋರಲು ಹಾಕಿ, ಬಲಗೈಯ ಹೆಬ್ಬೆರಳಿನಿಂದ ಅದರ ತಳವನ್ನು ಒಮ್ಮೆ ಒತ್ತುತ್ತಾರೆ. ಒಂದು ಸೆಕೆಂಡು. ಅಷ್ಟರಲ್ಲಿ ಅದು ಚೀಲಕ್ಕೋ, ವಾಪಸ್ಸು ತಟ್ಟೆಗೋ ಎಂಬುದು ತೀರ್ಮಾನವಾಗಿರುತ್ತದೆ.

"ನೀವು ಒತ್ತಿದ್ದನ್ನ ಇನ್ಯಾರು ತಗೋತಾರೆ, ಪಾನಿ ಒತಿಲಿಯಾ?" ಎಂದು ಬೇಕರಿಯವಳು ಗೊಣಗುತ್ತಾಳೆ. ನಮ್ಮಲ್ಲಿ ಹೆಂಗಸರ ಹೆಸರಿಗೆ ಪಾನಿ, ಗಂಡಸರ ಹೆಸರಿಗೆ ಪಾನ್ ಎಂದು ಮರ್ಯಾದೆಗೆ ಸೇರಿಸುತ್ತೇವೆ.

"ನೀನೇ ತಿನ್ನು. ಒಳಗೆ ಬೆಂದಿಲ್ಲ ಅಂತ ಗೊತ್ತಾಗುತ್ತೆ."

ಈ ಹೆಬ್ಬೆರಳು ನಮ್ಮ ಊರಿನ ಹ್ಯಾಚರಿಯಲ್ಲಿ ಮೂವತ್ತೊಂದು ವರ್ಷ ದುಡಿದದ್ದು. ಮೊಟ್ಟೆಯೊಡೆದು ಬಂದ ದಿನವೇ ಕೋಳಿಮರಿಯನ್ನು ಬೋರಲು ಹಿಡಿದು, ಮೆಲ್ಲಗೆ ಒತ್ತಿ, ಹೆಣ್ಣೋ ಗಂಡೋ ನೋಡಿ ಹೇಳುವುದು ಅವರ ಕೆಲಸವಾಗಿತ್ತು. ಗಂಟೆಗೆ ಸಾವಿರ ಮರಿ. ಗಂಡು ಎಡಗಡೆಯ ಬುಟ್ಟಿಗೆ, ಹೆಣ್ಣು ಬಲಗಡೆಯ ಬುಟ್ಟಿಗೆ. ಮೊಟ್ಟೆಯ ವ್ಯಾಪಾರದಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಎಡಗಡೆಯ ಬುಟ್ಟಿಯ ಆಯುಸ್ಸು ಅಂದೇ ಮುಗಿಯುತ್ತಿತ್ತು. ಅವರ ಕೈ ತಪ್ಪಿದ್ದು ನೂರಕ್ಕೆ ಎರಡು ಸಲವಂತೆ. ಆ ಎರಡನ್ನು ಅವರು ಇಂದಿಗೂ ಮರೆತಿಲ್ಲ. ನಿವೃತ್ತಿಯಾಗಿ ಆರು ವರ್ಷವಾದರೂ ನಡೆಯುವಾಗ ಬಲಗಡೆಗೆ ತುಸು ವಾಲುತ್ತಾರೆ, ದೀಪದ ಕೆಳಗೆ ಬಗ್ಗಿ ಕೂತ ಬೆನ್ನು ಪೂರ್ತಿ ನೇರವಾಗಲು ಇನ್ನೂ ಒಪ್ಪಿಲ್ಲ ಎನ್ನುವ ಹಾಗೆ. ಮೇಲಂಗಿ ಮಾತ್ರ ಅದೇ ಹಳೆಯದು: ಹ್ಯಾಚರಿಯವರು ಕೊಟ್ಟ ದಪ್ಪ ನೀಲಿ ಬಟ್ಟೆಯದು, ಎಡಕ್ಕೊಂದು ಬಲಕ್ಕೊಂದು ದೊಡ್ಡ ಜೇಬು, ಎದೆಯ ಒಳಗೊಂದು ಸಣ್ಣದು.

ನಾಲ್ಕು ಸೆಕೆಂಡಿನೊಳಗೆ ಒಂದೊಂದು ಜೀವದ ಬಗ್ಗೆ ತೀರ್ಪು ಕೊಟ್ಟ ಈ ಹೆಂಗಸು ಈ ವರ್ಷ ಒಂದೇ ಒಂದು ತೀರ್ಮಾನಕ್ಕೆ ಒಂಬತ್ತು ತಿಂಗಳು ತೆಗೆದುಕೊಂಡರು. ನಾನು ಬರೆಯಹೊರಟದ್ದು ಆ ಒಂಬತ್ತು ತಿಂಗಳ ಬಗ್ಗೆ.

ಫೆಬ್ರವರಿಯಲ್ಲಿ ಫೆಲಿಟ್ಸಿಯಾ ತೀರಿಕೊಂಡರು. ಹ್ಯಾಚರಿಯಲ್ಲಿ ಒತಿಲಿಯಾ ಅವರ ಪಕ್ಕದ ಸ್ಟೂಲಿನಲ್ಲಿ ಇಪ್ಪತ್ತಾರು ವರ್ಷ ಕೂತವರು. ಮದುವೆಯಾಗಿರಲಿಲ್ಲ, ಅಣ್ಣನ ಮಗ ಎರಿಕ್ ಒಬ್ಬನೇ ಹತ್ತಿರದವನು. ನಮ್ಮ ಕಡೆ ಈಗೀಗ ಶವಸಂಸ್ಕಾರಕ್ಕೆ ಹೂಮಾಲೆ ಬೇಡ, ಅದರ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಕೊಡಿ ಎಂದು ಕೇಳಿಕೊಳ್ಳುವುದುಂಟು. ಎರಿಕ್ ಕೂಡ ನಮ್ಮ ವಾರಪತ್ರಿಕೆಗೆ ಹಾಗೆಯೇ ಬರೆದುಕೊಟ್ಟ: 'ಹೂಮಾಲೆಯ ಬದಲು ಪ್ರಾಣಿಗಳಿಗೆ.' ಯಾವ ಪ್ರಾಣಿಗಳಿಗೆ ಎಂದು ಅವನು ಬರೆಯಲಿಲ್ಲ. ಪ್ರಕಟಣೆ ನನ್ನ ಮೇಜಿನ ಮೇಲಿಂದಲೇ ಹೋಯಿತು, ನಾನೂ ಕೇಳಲಿಲ್ಲ.

ಸ್ಮಶಾನದ ಗೇಟಿನಲ್ಲಿ ಇಟ್ಟಿದ್ದ ಹಳೆಯ ಹಾಲಿನ ಕ್ಯಾನು ನೋಟುಗಳಿಂದ ತುಂಬಿತು. ಅರ್ಧ ಊರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಾಯಿ ತಿಂಡಿಯ ಮೂಟೆಗಳನ್ನೇ ಹೊತ್ತು ತಂದಿತು. ಪ್ರಾಣಿ ಎಂದರೆ ನಾಯಿ, ನಾಯಿ ಎಂದರೆ ಸೆವೆರಿನ್ ನಡೆಸುವ ನಾಯಿಧಾಮ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಾದ್ರಿಯವರು ಪ್ರಾರ್ಥನೆ ಹೇಳುತ್ತಿದ್ದಾಗ ಶವಪೆಟ್ಟಿಗೆಯ ಒಂದು ಪಕ್ಕದಲ್ಲಿ ನೆಂಟರು, ಇನ್ನೊಂದು ಪಕ್ಕದಲ್ಲಿ ಮೂವತ್ತೆಂಟು ಮೂಟೆಗಳು ನಿಂತಿದ್ದವು. ಗೇಟಿನ ಬಳಿ ಹೂ ಮಾರುವ ಜಿತಾ ಆ ದಿನ ಒಂದು ಮಾಲೆಯನ್ನೂ ಮಾರಲಿಲ್ಲ.

"ಸತ್ತೋರ ಮೇಲೆ ಇನ್ನು ಬಿಸ್ಕತ್ತು ಚೆಲ್ಲಿ," ಎಂದು ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು.

ವಾರದ ನಂತರ ಎರಿಕ್ ತನ್ನ ಅತ್ತೆ ಫೆಲಿಟ್ಸಿಯಾ ಬರೆದಿಟ್ಟಿದ್ದ ಉಯಿಲಿನ ಕಾಗದವನ್ನು ಒತಿಲಿಯಾ ಅವರಿಗೆ ತೋರಿಸಿದ. ಕ್ಯಾನಿನಲ್ಲಿ ಬಿದ್ದದ್ದಷ್ಟೇ ಅಲ್ಲ, ತಮ್ಮ ಉಳಿತಾಯವನ್ನೂ ಫೆಲಿಟ್ಸಿಯಾ ಪ್ರಾಣಿಗಳಿಗೇ ಬಿಟ್ಟಿದ್ದರು. ಎಲ್ಲ ಸೇರಿ ಅರವತ್ತು ಸಾವಿರ ಝ್ವೋತಿ, ಒಂದು ಸಣ್ಣ ಕಾರಿನ ಬೆಲೆ. ಕಾಗದದ ಕೊನೆಯ ಸಾಲನ್ನು ಎರಿಕ್ ಪತ್ರಿಕೆಗೆ ಕೊಟ್ಟಿರಲಿಲ್ಲ. 'ಯಾವುದಕ್ಕೆ ಕೊಡಬೇಕು ಅಂತ ಒತಿಲಿಯಾಗೆ ಗೊತ್ತು.'

"ನಂಗೆ ಗೊತ್ತಿಲ್ಲ ಕಣೋ," ಎಂದರು ಒತಿಲಿಯಾ.

"ಹಾಗಾದ್ರೆ ಸೆವೆರಿನ್‌ಗೆ ಕೊಟ್ಟುಬಿಡೋಣ, ಚಿಕ್ಕಮ್ಮ. ಎಲ್ಲರೂ ಹಾಗೇ ಅಂದ್ಕೊಂಡಿದಾರೆ," ಎಂದ ಎರಿಕ್. ಅತ್ತೆಯ ಗೆಳತಿಯನ್ನು ಅವನು ಚಿಕ್ಕಂದಿನಿಂದ ಚಿಕ್ಕಮ್ಮ ಎಂದೇ ಕರೆಯುವುದು.

"ಎಲ್ಲರಿಗೂ ಗೊತ್ತಿದ್ದಿದ್ರೆ ಅವಳು ನನ್ನ ಹೆಸರು ಯಾಕೆ ಬರೀತಿದ್ಲು?"

ನವೆಂಬರ್ ಒಂದರಂದು ಎಲ್ಲರೂ ಸಮಾಧಿಗಳಿಗೆ ದೀಪವಿಡಲು ಬರುತ್ತಾರೆ. ಅಂದು ಹೇಳುತ್ತೇನೆ ಎಂದು ಮಾತು ಕೊಟ್ಟರು. ಸತ್ತವಳ ನಂಬಿಕೆ ಉಳಿಸಿಕೊಳ್ಳಲು ಅವರ ಬಳಿ ಇದ್ದದ್ದು ಅಷ್ಟು ಸಮಯ.

ಪ್ರಾಣಿಗಳ ಹೆಸರಿನಲ್ಲಿ ದುಡ್ಡು ಕೇಳುವವರು ಈ ದೇಶದಲ್ಲಿ ಎಷ್ಟು ಮಂದಿಯೋ, ಅವರ ಪೈಕಿ ಏಳು ಸಂಸ್ಥೆಗಳ ಕರಪತ್ರ ಒತಿಲಿಯಾ ತರಿಸಿದರು. ಅವನ್ನು ಅಂಗಿಯ ಎರಡು ದೊಡ್ಡ ಜೇಬುಗಳಿಗೆ ಸೇರಿಸಲಿಲ್ಲ. ಏಳನ್ನೂ ಮಡಿಸಿ ಎದೆಯ ಒಳಜೇಬಿನಲ್ಲಿಟ್ಟರು. ಕಾರಣ ಕೇಳಿದೆ. "ಎಡ ಬಲ ಆಮೇಲೆ," ಎಂದರು.

ಅವರ ಕ್ರಮ ಸರಳವಾಗಿತ್ತು, ಅದನ್ನು ಅವರು ಸಡಿಲಿಸಲಿಲ್ಲ. ಹೋಗುವುದು ಸೋಮವಾರವೇ, ಮೊದಲೇ ತಿಳಿಸದೆ. ಭಾನುವಾರ ನೋಡಲು ಬರುವವರಿಗಾಗಿ ಎಲ್ಲರೂ ಗುಡಿಸಿರುತ್ತಾರೆ, ಸೋಮವಾರ ಯಾರೂ ಗುಡಿಸುವುದಿಲ್ಲ. ಪ್ರಾಣಿಗಳನ್ನು ಕೊನೆಗೆ ನೋಡುವುದು, ಇಲ್ಲದಿದ್ದರೆ ಅವುಗಳ ಮುಖ ನೋಡಿ ಮಾತೇ ಮರೆತುಹೋಗುತ್ತದೆ. ಕೇಳುವುದು ಎರಡೇ ಪ್ರಶ್ನೆ: ಹೋದ ವರ್ಷ ಮಾಡಲು ಹೋಗಿ ಆಗದೇ ಇದ್ದದ್ದೇನು? ಈ ದುಡ್ಡು ಬರದಿದ್ದರೆ ಏನು ನಿಂತುಹೋಗುತ್ತದೆ?

ಬಸ್ಸಿನಲ್ಲಿ ಎರಡು ಸಲ ನಾನೂ ಜೊತೆಗೆ ಹೋದೆ. ಒಂದು ಕುದುರೆಗಳ ಆಶ್ರಮ. ಅವರ ಕ್ಯಾಲೆಂಡರು ನಮ್ಮ ಊರಿನ ಅರ್ಧ ಅಡುಗೆಮನೆಗಳಲ್ಲಿ ನೇತಾಡುತ್ತದೆ. ಮೇ ತಿಂಗಳ ಪುಟದಲ್ಲಿರುವ ಬಿಳಿ ಕುದುರೆಯನ್ನು ನೋಡಬೇಕೆಂದರು ಒತಿಲಿಯಾ. ಅಲ್ಲಿನ ಯಜಮಾನ ಸುತ್ತಿಬಳಸಿ ಮಾತಾಡಿದ. ಕುದುರೆ ಸತ್ತು ನಾಲ್ಕು ವರ್ಷವಾಗಿತ್ತು. ಅದರ ಹೆಸರಿನಲ್ಲಿ ದುಡ್ಡು ಕಳಿಸುವವರಿಗೆ ಹುಟ್ಟುಹಬ್ಬದ ಕಾರ್ಡು ಇನ್ನೂ ಹೋಗುತ್ತಿತ್ತು.

"ಎಷ್ಟು ವಯಸ್ಸಾಯ್ತು ಅಂತ ಹಾಕ್ತೀರಿ ಕಾರ್ಡಿನಲ್ಲಿ?" ಎಂದು ಒತಿಲಿಯಾ ಗಂಭೀರವಾಗಿ ಕೇಳಿದರು. ಹಿಂದಿರುಗುವ ಬಸ್ಸಿನಲ್ಲಿ ಒಳಜೇಬಿನ ಏಳು ಕರಪತ್ರಗಳು ಆರಾದವು.

ಸೆವೆರಿನ್‌ನ ನಾಯಿಧಾಮಕ್ಕೂ ಸೋಮವಾರವೇ ಹೋದೆವು. ಅವನು ದೊಡ್ಡ ದೇಹದ, ಮೆಲುದನಿಯ ಮನುಷ್ಯ. ನಾಯಿಯ ಹೆಸರು ಹೇಳುವಾಗ ಟೊಪ್ಪಿ ತೆಗೆಯುವುದೊಂದು ಅವನ ಅಭ್ಯಾಸ. ಉಗ್ರಾಣದ ಬಾಗಿಲು ತೆರೆದು ತೋರಿಸಿದ. ಮೂಟೆಗಳು ಸೂರು ಮುಟ್ಟಿದ್ದವು. ಮದುವೆಯಲ್ಲೂ ಹೂಗುಚ್ಛದ ಬದಲು ಮೂಟೆ, ಸಾವಿನಲ್ಲೂ ಮೂಟೆ.

"ಎರಡು ವರ್ಷಕ್ಕಾಗುತ್ತೆ. ಇಲಿಗಳಿಗೆ ಹಬ್ಬ," ಎಂದ ಸೆವೆರಿನ್. "ಬೇಡ ಅನ್ನೋಕೆ ಬಾಯಿ ಬರಲ್ಲ, ಪಾನಿ ಒತಿಲಿಯಾ. ಪ್ರೀತಿಯಿಂದ ತರ್ತಾರೆ."

"ಈ ದುಡ್ಡು ಬರದೇ ಹೋದ್ರೆ ಏನು ನಿಂತುಹೋಗುತ್ತೆ, ಪಾನ್ ಸೆವೆರಿನ್?"

ಅವನು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. ಚಾವಣಿ ರಿಪೇರಿ ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. "ಚಾವಣಿ ಹೆಂಗೂ ಆಗುತ್ತೆ. ನಗರಸಭೆ ಅರ್ಧ ಕೊಡುತ್ತೆ, ಇನ್ನರ್ಧ ಊರು ಕೊಡುತ್ತೆ. ಸುಳ್ಳು ಯಾಕೆ ಹೇಳ್ಲಿ? ನಾಯಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೆ, ನೋಡಿದೋರಿಗೆ ಕರುಳು ಚುರುಕ್ ಅನ್ನುತ್ತೆ. ನಮಗೆ ಯಾರಾದ್ರೂ ಕೊಟ್ಟೇ ಕೊಡ್ತಾರೆ."

ಆ ದಿನ ನಮ್ಮ ಸ್ಟಾಪಿನಲ್ಲಿ ಇಳಿದ ಮೇಲೆ ಒತಿಲಿಯಾ, "ಇಷ್ಟು ನೆಟ್ಟಗಿನ ಮನುಷ್ಯನಿಗೆ ಇಲ್ಲ ಅನ್ನೋದು ಹೇಗೆ ಹೇಳಿ," ಎಂದರು.

ಮುಂದಿನ ಸೋಮವಾರಗಳಲ್ಲಿ ಇನ್ನೂ ಕೆಲವು ಕರಪತ್ರಗಳು ಜೇಬಿನಿಂದ ಹೊರಬಿದ್ದವು. ಕೊನೆಗೆ ನೋಡಲು ಉಳಿದದ್ದು ರಾಜಧಾನಿ ವಾರ್ಸಾದ ಒಂದು ಸಂಸ್ಥೆ. ಅಲ್ಲಿಗೆ ಅವರು ಒಬ್ಬರೇ ಹೋಗಿಬಂದರು. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ನಾಲ್ಕು ಮೇಜು. ತೋರಿಸಲು ಒಂದು ಬೆಕ್ಕೂ ಇಲ್ಲ. ಅಂಗಡಿಗಳ, ಹೋಟೆಲುಗಳ, ಶಾಲೆಯ ಅಡುಗೆಮನೆಗಳ ಬಾಗಿಲು ತಟ್ಟಿ, ಪಂಜರದ ಕೋಳಿಯ ಮೊಟ್ಟೆ ಕೊಳ್ಳುವುದಿಲ್ಲ ಎಂದು ಅವರಿಂದ ಬರೆಸಿಕೊಳ್ಳುವುದು ಅವರ ಕೆಲಸ. ಕೊರ್ನೆಲ್ಯಾ ಎಂಬ ಸಣಕಲು ಹುಡುಗಿ ಚಹಾ ಕೊಟ್ಟು, ಮೊದಲ ಪ್ರಶ್ನೆ ಮುಗಿಯುವ ಮುನ್ನವೇ ಒಂದು ಹಾಳೆ ಮುಂದಿಟ್ಟಳಂತೆ: ಹೋದ ವರ್ಷ ತಟ್ಟಿದ ಬಾಗಿಲು ಹತ್ತೊಂಬತ್ತು, ತೆರೆದದ್ದು ಐದು, ಆ ಐದರಲ್ಲಿ ಒಬ್ಬರು ಬರೆದುಕೊಟ್ಟು ಮಾತು ತಪ್ಪಿದರು. ಇಷ್ಟನ್ನೂ ಅವರೇ ಅಚ್ಚುಹಾಕಿಸಿ ಹಂಚಿದ್ದರು. ಎರಡನೆಯ ಪ್ರಶ್ನೆಗೆ, ಬಾಗಿಲು ತಟ್ಟುವ ಇಬ್ಬರಲ್ಲಿ ಒಬ್ಬರನ್ನು ಜನವರಿಗೆ ಕೆಲಸದಿಂದ ಬಿಡಿಸಬೇಕಾಗುತ್ತದೆ, ಆ ಒಬ್ಬಳು ತಾನು, ಎಂದಳಂತೆ.

ಒತಿಲಿಯಾ ಹಾಳೆಯನ್ನು ನನಗೂ ತೋರಿಸಿದರು. "ಸೋತಿದ್ದನ್ನ ಇಷ್ಟು ದಪ್ಪ ಅಕ್ಷರದಲ್ಲಿ ಯಾರು ಬರೀತಾರೆ?" ಎಂದರು. ಬಹಳ ದಿನಗಳ ಮೇಲೆ ಅವರು ನಕ್ಕದ್ದು ಅಂದೇ.

ಆದರೆ ನಮ್ಮ ಊರು ಉಣ್ಣುವುದು ಕೋಳಿಯಿಂದ. ರಸ್ತೆಯ ಎರಡೂ ಬದಿಗೆ ಉದ್ದುದ್ದ ಶೆಡ್‌ಗಳು. ಎರಿಕ್ ಸ್ವತಃ ಅಂಥದ್ದೊಂದರ ಮೇಸ್ತ್ರಿ. ದುಡ್ಡು ಬ್ಯಾಂಕಿನಿಂದ ಹೊರಬರಬೇಕಾದರೆ ಅವನ ಸಹಿಯೂ ಬೇಕು. ಜೂನ್ ತಿಂಗಳಲ್ಲಿ ಒತಿಲಿಯಾ ಅವನನ್ನು ಒಂದೇ ಒಂದು ಕೇಳಿದ್ದರು: ನಿನ್ನ ಶೆಡ್ಡು ತೋರಿಸು.

ಆ ಭೇಟಿಯ ಬಗ್ಗೆ ನನಗೆ ಹೇಳಿದ್ದು ಎರಿಕ್. ಚಿಕ್ಕಮ್ಮ ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟು ಸಾಲುಗಳ ನಡುವೆ ಹತ್ತು ನಿಮಿಷ ನಿಂತರು. ಒಂದು ಕೋಳಿಯನ್ನು ಪಂಜರದಿಂದ ತೆಗೆಸಿ ಕೈಗೆ ತೆಗೆದುಕೊಂಡರು. ಅಭ್ಯಾಸಬಲದಿಂದ ಬೋರಲು ತಿರುಗಿಸಹೊರಟವರು ತಡೆದುಕೊಂಡು, ಅದನ್ನು ನೆಟ್ಟಗೆ, ಎದೆಗೆ ಒತ್ತಿ ಹಿಡಿದರು. ಹೆಬ್ಬೆರಳು ಏನನ್ನೂ ಒತ್ತಲಿಲ್ಲ. "ಇವು ನಮ್ಮವೇನೋ?" ಎಂದು ಕೇಳಿದರು. ಹ್ಯಾಚರಿಯದೇ ಮರಿಗಳು, ಹೌದು ಎಂದ ಎರಿಕ್.

ಸೆಪ್ಟೆಂಬರಿನಲ್ಲಿ ಒಂದು ದಿನ ಒತಿಲಿಯಾ ತಾವಾಗಿ ನನಗೆ ಒಂದು ವಿಷಯ ಹೇಳಿದರು. ತೀರ್ಮಾನ ಆಗುವವರೆಗೆ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡ ಮೇಲೆಯೇ. ನಿವೃತ್ತಿಯ ದಿನ ಬಸ್ಸಿನಲ್ಲಿ ಫೆಲಿಟ್ಸಿಯಾ ಕಿಟಕಿಯತ್ತ ಮುಖಮಾಡಿ ಹೇಳಿದ್ದರಂತೆ, "ಎಡಗಡೆ ಬುಟ್ಟೀದು ಎಲ್ಲಿಗೆ ಹೋಯ್ತು ಅಂತ ನಮಗೆ ಗೊತ್ತು. ಬಲಗಡೇದು ಎಲ್ಲಿಗೆ ಹೋಯ್ತು ಅಂತ ಒಂದು ಸಲವೂ ನೋಡ್ಲಿಲ್ವಲ್ಲೇ ನಾವು."

"ಹಾಗಾದರೆ ಉತ್ತರ ಅದರಲ್ಲೇ ಇದೆಯಲ್ಲ," ಎಂದೆ ನಾನು.

"ಇಲ್ಲ," ಎಂದರು ಅವರು, ತೀಕ್ಷ್ಣವಾಗಿಯೇ. "ಅದು ಬಸ್ಸಿನಲ್ಲಿ ಆಡಿದ ಮಾತು. ಸತ್ತವಳ ಬಾಯಿಗೆ ನನ್ನ ಇಷ್ಟ ತುರುಕಬಾರದು. ವಾರ್ಸಾದ ಆ ಹುಡುಗಿ ಕೆಲಸಗಳ್ಳಿ ಆಗಿದ್ದಿದ್ರೆ, ಈ ಮಾತು ನೆನಪಿದ್ರೂ ದುಡ್ಡು ಸೆವೆರಿನ್‌ಗೇ ಹೋಗ್ತಿತ್ತು."

ನವೆಂಬರ್ ಒಂದರ ಮಧ್ಯಾಹ್ನ ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇವಂತಿಗೆಯ ಕುಂಡಗಳು, ಗಾಜಿನ ದೀಪಗಳು, ಮೇಣದ ವಾಸನೆ. ಫೆಲಿಟ್ಸಿಯಾ ಅವರ ಕಲ್ಲಿನ ಸುತ್ತ ನೆರೆಹೊರೆಯವರು ಸೇರಿದ್ದರು. ಒತಿಲಿಯಾ ದೀಪ ಹಚ್ಚಿಟ್ಟು, ಬೆನ್ನು ಆದಷ್ಟು ನೇರ ಮಾಡಿಕೊಂಡು, ವಾರ್ಸಾದ ಸಂಸ್ಥೆಯ ಹೆಸರು ಹೇಳಿದರು.

ಮೊದಲು ಮಾತಾಡಿದವಳು ಜಿತಾ. "ಹೂವು ಬೇಡ ಅಂತ ನನ್ನ ಹೊಟ್ಟೆ ಮೇಲೆ ಹೊಡೆದ್ರಿ. ಈಗ ಊರಿನ ಹೊಟ್ಟೆ ಮೇಲೇ ಹೊಡೀತೀರಾ? ಕೋಳಿ ಯಾರ ಮನೆ ಬಾಗಿಲಿಗೆ ಬಂದು ಅತ್ತಿದೆ?"

"ಬರಕ್ಕಾಗಲ್ಲ, ಜಿತಾ. ಅದಕ್ಕೇ," ಎಂದರು ಒತಿಲಿಯಾ.

ಎಲ್ಲರೂ ಎರಿಕ್‌ನತ್ತ ನೋಡಿದರು. ಅವನು ಕೈಯಲ್ಲಿದ್ದ ದೀಪದ ಮುಚ್ಚಳವನ್ನು ತಿರುಗಿಸುತ್ತಾ ನಿಂತಿದ್ದ. "ನಮ್ಮ ಯಜಮಾನರು ಒಂದು ಶೆಡ್ಡಿನ ಪಂಜರ ಬಿಚ್ಚಿಸಿ ಕೋಳಿಗಳನ್ನ ನೆಲಕ್ಕೆ ಬಿಡೋಣ ಅಂತ ಎರಡು ವರ್ಷದಿಂದ ಅಂತಿದಾರೆ," ಎಂದ ನಿಧಾನವಾಗಿ. "ಕೊಳ್ಳೋರು ಬರೆದುಕೊಟ್ರೆ ನಾಳೆನೇ ಮಾಡ್ತೀನಿ ಅಂತಾರೆ. ಬರೆದುಕೊಡೋರು ಯಾರು?"

"ಬರೆಸಿಕೊಳ್ಳೋದೇ ಅವರ ಕೆಲಸ ಕಣೋ."

"ಗೊತ್ತು, ಚಿಕ್ಕಮ್ಮ. ಅದಕ್ಕೇ ಹೇಳ್ತಿರೋದು. ಸೋಮವಾರ ಬ್ಯಾಂಕಿಗೆ ಬರ್ತೀನಿ."

ಸೆವೆರಿನ್‌ಗೆ ಒತಿಲಿಯಾ ಹಿಂದಿನ ದಿನವೇ ಹೋಗಿ ಹೇಳಿಬಂದಿದ್ದರು. ಅವನು ಗುಂಪಿನ ಹಿಂದೆ ಟೊಪ್ಪಿ ತೆಗೆದುಕೊಂಡು ನಿಂತಿದ್ದ. ಮುಖ ಸ್ವಲ್ಪ ಬಾಡಿತ್ತು. ಆದರೂ ಜಿತಾಳ ಹತ್ತಿರ ಬಂದು, "ನಿಮ್ಮ ಹೂವನ್ನ ನೀವು ಮಾರ್ಕೊಳ್ಳಿ, ಪಾನಿ ಜಿತಾ," ಎಂದ. "ಸಾವಿಗೆ ಹೂವೇ ತರಲಿ. ನಾಯಿ ತಿಂಡಿ ಸಾಕು ಅಂತ ಪೇಪರ್‌ನೋರು ಬರೀತಾರೆ." ಜಿತಾ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಸೇವಂತಿಗೆ ಕುಂಡ ಅವನ ಕೈಗಿಟ್ಟಳು, ದುಡ್ಡು ಕೇಳದೆ. ಅವನು ಅದನ್ನು ಫೆಲಿಟ್ಸಿಯಾ ಅವರ ಕಲ್ಲಿನ ಬುಡದಲ್ಲಿಟ್ಟ. ಆ ಸಮಾಧಿಗೆ ಬಂದ ಮೊದಲ ಹೂವು ಅದು.

ಇಪ್ಪತ್ತೆರಡು ವರ್ಷ ಈ ಪತ್ರಿಕೆಗೆ ಬರೆಯುತ್ತ ಬಹಳ ದಾನಿಗಳನ್ನು ನೋಡಿದ್ದೇನೆ. ಹೆಚ್ಚಿನವರು ಒಳ್ಳೆಯವರು, ಬೇಗ ಕರಗುವವರು. ಕಣ್ಣೆದುರು ಕಂಡ ನೋವಿಗೆ ಕೈ ಜೇಬಿಗೆ ಹೋಗುತ್ತದೆ, ಕೊಟ್ಟ ಮೇಲೆ ಮನಸ್ಸು ಹಗುರಾಗುತ್ತದೆ, ಅಲ್ಲಿಗೆ ಮುಗಿಯಿತು. ಒತಿಲಿಯಾ ಅವರಂಥವರು ಕಡಿಮೆ. ಇವರಿಗೆ ಕೊಟ್ಟ ಮೇಲೂ ಹಗುರಾಗುವುದಿಲ್ಲ. ಕೊಟ್ಟದ್ದು ತಲುಪಿತೇ ಎಂಬುದು ಇವರ ನಿದ್ದೆ ಕೆಡಿಸುವ ಪ್ರಶ್ನೆ. ಎದುರಿಗೆ ಬಂದು ಅಳಲಾರದ್ದರ ಪರವಾಗಿ ಇವರು ತಾವೇ ನಡೆದುಹೋಗಿ ನೋಡುತ್ತಾರೆ, ಮನಸ್ಸು ಕರಗಿದ್ದಕ್ಕೆ ಮಾತ್ರ ಮಣಿಯದೆ ಕೇಳಬೇಕಾದ್ದನ್ನು ಕೇಳುತ್ತಾರೆ, ಒಬ್ಬ ಸಜ್ಜನನ ಮುಖಕ್ಕೆ ಇಲ್ಲ ಎನ್ನುವ ನೋವನ್ನೂ ಹೊರುತ್ತಾರೆ. ಊರಿಗೆ ಇವರು ಗಟ್ಟಿ ಮನಸ್ಸಿನವರಾಗಿ ಕಾಣುತ್ತಾರೆ. ಇವರ ಕರುಣೆಗೆ ಅವಸರವಿಲ್ಲ, ಅಷ್ಟೇ.

ಪಕ್ಕದ ಜಿಲ್ಲೆಯ ಶಾಲೆಗಳಿಗೆ ಊಟ ಕಳಿಸುವ ಅಡುಗೆಮನೆಯೊಂದು ಕೊರ್ನೆಲ್ಯಾಗೆ ಬರೆದುಕೊಟ್ಟಿದೆ. ನಮ್ಮಲ್ಲಿ ಪ್ರತಿ ಮೊಟ್ಟೆಯ ಮೇಲೂ ಒಂದು ಅಂಕಿ ಒತ್ತಿರುತ್ತಾರೆ; ಪಂಜರದ್ದಾದರೆ ಮೂರು, ನೆಲದ ಮೇಲೆ ಬಿಟ್ಟ ಕೋಳಿಯದಾದರೆ ಎರಡು. ಎರಡರ ಅಂಕಿಯ ಮೊಟ್ಟೆಯ ಮೊದಲ ಲೋಡು ಜನವರಿಯ ಎರಡನೆಯ ಸೋಮವಾರ ಆ ಅಡುಗೆಮನೆಗೆ ಬರಬೇಕು. ಒತಿಲಿಯಾ ಅಂದು ಏಳೂ ಹತ್ತರ ಬಸ್ಸಿಗೆ ಹೋಗುತ್ತಾರೆ. ಅಡುಗೆಮನೆಯವರಿಗೆ ತಿಳಿಸಿಲ್ಲ.