ಮೆಟ್ಟಿಲ ತಿರುವು

"ನಿಧಾನ, ನಿಧಾನ! ಈಗ ತಿರುವು ಬರತ್ತೆ," ಎಂದ ಬಡಗಿ.

ನಾಲ್ವರು ಹೊತ್ತ ಶವಪೆಟ್ಟಿಗೆ ಮಹಡಿಯಿಂದ ಐದು ಮೆಟ್ಟಿಲು ಇಳಿದಿತ್ತು. ತಿರುವಿನಲ್ಲಿ ಅದು ಸಿಕ್ಕಿಕೊಳ್ಳುವುದು ಖಂಡಿತ. ಸಿಕ್ಕಿಕೊಳ್ಳಲೆಂದೇ ಬಡಗಿ ಹಲಗೆಗಳನ್ನು ಮೇಲೆ ಒಯ್ದು ಅಲ್ಲೇ ಇಪ್ಪತ್ನಾಲ್ಕು ಅಂಗುಲ ಅಗಲವಾಗಿ ಜೋಡಿಸಿದ್ದ. ಬೀದಿಯ ಹನ್ನೊಂದು ಹಳೇ ಕಲ್ಲುಮನೆಗಳನ್ನೂ ಕಟ್ಟಿದ್ದು ಒಂದೇ ಕೈ. ಎಲ್ಲ ಮನೆಯ ತಿರುವೂ ಇಪ್ಪತ್ತೆರಡೇ ಅಂಗುಲ.

ಒಳಗೆ ಮಲಗಿದ್ದವನು ಗಾರೆ ಮುದುಕ. ಆ ಮನೆಗಳನ್ನೆಲ್ಲ ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿಸಿದ ಪುಣ್ಯಾತ್ಮ. ಅಂದಿನಿಂದ ಊರವರು ತಮ್ಮ ಗೋಡೆಗೆ ಮೊಳೆ ಹೊಡೆಯಲೂ ಅವನ ಮುಖ ನೋಡಬೇಕಿತ್ತು. ಹಳೇ ಸುಣ್ಣದ ಗಾರೆಯೇ ಆಗಬೇಕು; ಸಿಮೆಂಟು ಎಂದರೆ ಉಗುಳುತ್ತಿದ್ದ.

"ಸಿಕ್ಕೊಂಡ್ರೆ ಏನ್ಮಾಡ್ತೀಯ?" ಎಂದಳು ಬಾಗಿಲಲ್ಲಿ ನಿಂತ ಹಾಲಿನವಳು.

"ಗೋಡೆ ಮುಟ್ಟೋ ಹಾಗಿಲ್ವಲ್ಲ! ಮಗಳು ಅರ್ಜಿ ಹಾಕ್ಲಿ. ವರ್ಷದೊಳಗೆ ಉತ್ತರ ಬರತ್ತೆ."

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಮೇಲಿನ ಮೆಟ್ಟಿಲಲ್ಲಿ ಮಗಳು ತುಟಿ ಕಚ್ಚಿ ನಿಂತಿದ್ದಳು. ಅಪ್ಪ ಮರ್ಯಾದೆಯಿಂದ ಮಣ್ಣು ಸೇರಿದರೆ ಅವಳಿಗೆ ಅಷ್ಟೇ ಸಾಕಿತ್ತು.

*

ಎಂಟು ವರ್ಷದ ಹಿಂದೆ ಬಡಗಿಯ ತಾಯಿಗೆ ಲಕ್ವ ಹೊಡೆದಿತ್ತು. ಮಹಡಿಯಿಂದ ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದರೆ ಅವನ ಮನೆಯ ತಿರುವೂ ಅಡ್ಡ.

"ನಾಲ್ಕಂಗುಲ ಕೆತ್ಕೋತೀನಿ. ಯಾರಿಗೂ ಕಾಣಲ್ಲ," ಎಂದು ಅವನು ಮುದುಕನ ಕಾಲು ಹಿಡಿದಿದ್ದ.

"ಇವತ್ತು ನಾಲ್ಕಂಗುಲ, ನಾಳೆ ಗೋಡೆ," ಎಂದು ಮುದುಕ ಮರುದಿನವೇ ದೂರು ಬರೆದ. ತಾಯಿ ಮೂರು ವರ್ಷ ಬೀದಿ ಕಾಣಲಿಲ್ಲ. ಕೊನೆಗೆ ಇಳಿದದ್ದು ಬೆಡ್‌ಶೀಟಿನಲ್ಲಿ, ಹೆಣವಾಗಿ.

*

ಪೆಟ್ಟಿಗೆ ತಿರುವಿಗೆ ಬಂತು. ಸಲೀಸಾಗಿ ತಿರುಗಿತು. ಗೋಡೆಗೆ ತಾಗಲೂ ಇಲ್ಲ.

"ಕೆಳಗಿಳಿಸಿ, ಮೆಟ್ಟಿಲ ಬುಡದಲ್ಲಿಡಿ," ಎಂದ ಬಡಗಿ. ಟೇಪು ಹಿಡಿದ. ಇಪ್ಪತ್ತಾರು! ಸೊಂಟದ ಉಳಿ ತೆಗೆದು ಸುಣ್ಣ ಕೆರೆದ. ಒಳಗೆ ಬೂದುಬಣ್ಣದ ಸಿಮೆಂಟು.

"ಇದ್ಯಾವಾಗ?"

ಮಗಳು ತಲೆ ತಗ್ಗಿಸಿದಳು. "ಅಮ್ಮ ಹಾಸಿಗೆ ಹಿಡಿದಾಗ. ನಿಮ್ಮಮ್ಮ ಹೋಗಿ ಎರಡು ವರ್ಷಕ್ಕೆ. ಬಾಗಿಲು ಹಾಕ್ಕೊಂಡು ಅಪ್ಪನೇ ಕಲ್ಲು ಕೆತ್ತಿದ್ರು. ಸಿಮೆಂಟು ಕಲಸಿಕೊಟ್ಟಿದ್ದು ನಾನೇ."

"ಅವರನ್ನ ಇಳಿಸ್ತಿದ್ರಾ?"

"ದಿನಾ. ಹಿತ್ತಿಲಲ್ಲಿ ಬಿಸಿಲಿಗೆ ಕೂರ್ತಿದ್ಲು." ಅವಳು ಕೈ ಮುಗಿದಳು. "ಅಣ್ಣಾ, ಮೊದಲು ಅಪ್ಪನ್ನ ಸಾಗಿಸೋಣ. ಆಮೇಲೆ ನನ್ನ ಏನು ಬೇಕಾದ್ರೂ ಅನ್ನಿ."

ಬಡಗಿಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಬಾಗಿಲ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ:

"ಬನ್ರೋ, ಎಲ್ರೂ ಬಂದು ನೋಡ್ರೋ!"

ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಂದು ಗೋಡೆ ಮುಟ್ಟಿ ನೋಡತೊಡಗಿದರು. ಜಾಗ ಸಾಲಲಿಲ್ಲ. ಹಿಂದೆ ಉಳಿದಿದ್ದ ಹಾಲಿನವಳು ಸೀರೆ ಎತ್ತಿಕಟ್ಟಿ, ಪೆಟ್ಟಿಗೆಯ ಮುಚ್ಚಳದ ಮೇಲೆ ಹತ್ತಿ ನಿಂತು ಕತ್ತು ಚಾಚಿದಳು.